ಕಾಗದದ ಜಗಳ

ಬಟ್ಟೆ ಅಳೆಯುವ ಕಬ್ಬಿಣದ ಗಜದಿಂದ ವಿಶ್ವನಾಥ ತನ್ನ ಹೆಂಡತಿಯ ಎಡಭುಜಕ್ಕೆ ಹೊಡೆದ. ಕತ್ತಿನ ಕೆಳಗಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಸರ್ವಮಂಗಳಾ ಮಹಡಿ ಮೆಟ್ಟಿಲಿಂದ ಬಿದ್ದೆನೆಂದು ಬರೆಸಿದಳು. ಪಟ್ಟಿ ಬಿಚ್ಚಿದ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಆಕೆಯ ತಂದೆ ವಕೀಲ ಚನ್ನವೀರಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು, ಊಟ ಮಾಡಿಸಿದರು, ಸಂಜೆ ಟ್ಯಾಕ್ಸಿ ತರಿಸಿ ವಾಪಸು ಕಳಿಸಿದರು.

ಅದು ಐವತ್ತೇಳನೇ ಇಸವಿ. ಐವತ್ತೊಂಬತ್ತರ ಮಳೆಗಾಲದ ಹೊತ್ತಿಗೆ ಮದರಾಸಿನ ಸೌಕಾರ್‌ಪೇಟೆಯಲ್ಲಿದ್ದ ವಿಶ್ವನಾಥನ ಜವಳಿ ಅಂಗಡಿ ಮುಳುಗಿತ್ತು.

ಚನ್ನವೀರಪ್ಪನವರು ಬಳ್ಳಾರಿಯವರು. ಬಳ್ಳಾರಿ ಮದರಾಸಿಗೆ ಸೇರಿದ್ದ ಕಾಲದಲ್ಲಿ ಲಾ ಓದಲು ಬಂದವರು, ಬಳ್ಳಾರಿ ಮೈಸೂರಿಗೆ ಹೋದಾಗ ತಾವು ಹೋಗಲಿಲ್ಲ. ಚಿಂತಾದ್ರಿಪೇಟೆಯ ಮನೆಯ ಮುಂದಿನ ಕೋಣೆಯೇ ಆಫೀಸು. ಜೂನಿಯರ್ ಇಲ್ಲ, ಗುಮಾಸ್ತನಿಲ್ಲ, ಇದ್ದದ್ದು ಒಂದು ಟೈಪ್‌ರೈಟರು. ದಿವಾಳಿ ಕೇಸು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಸಾಲ ತೀರಿಸಲಾರೆನೆಂದು ಕೋರ್ಟಿಗೆ ಹೋದವನನ್ನು ಮದರಾಸಿನ ಜನ ‘ಮಂಜಳ್ ಕಡುದಾಸಿ ಕೊಟ್ಟ’, ಹಳದಿ ಕಾಗದ ಕೊಟ್ಟ, ಅನ್ನುತ್ತಾರೆ. ಹಾಗಾಗಿ ಬೀದಿಯಲ್ಲಿ ಇವರು ಮಂಜಳ್ ಕಡುದಾಸಿ ವಕೀಲರು.

ಅವರ ಕೆಲಸಕ್ಕೊಂದು ಪದ್ಧತಿ ಇತ್ತು. ಗಂಡ ದಿವಾಳಿ ಅರ್ಜಿ ಕೊಡುವುದಕ್ಕೆ ಮೊದಲು ಹೆಂಡತಿ ಮನೆ ಬಿಡಬೇಕು. ಗಂಡನ ಹಿಂಸೆ ತಾಳಲಾರದೆ ತವರು ಸೇರಿದೆನೆಂದು ಜೀವನಾಂಶದ ದಾವೆ ಹಾಕಬೇಕು. ಗಂಡ ಎದುರು ನಿಲ್ಲಬಾರದು. ಡಿಕ್ರಿಯಾಗಿ ಜೀವನಾಂಶದ ಹೊಣೆ ಮನೆಯ ಮೇಲೆ ಬಿದ್ದಿತೆಂದರೆ ಮುಗಿಯಿತು, ಆಮೇಲೆ ಸಾಲ ಕೊಟ್ಟವರು ಬಂದು ನೋಡಿದಾಗ ಮನೆಯ ಬಾಗಿಲಲ್ಲಿ ಹೆಂಡತಿಯ ಹಕ್ಕು ಕಾಲು ಚಾಚಿ ಕೂತಿರುತ್ತದೆ. ಎಲ್ಲ ತಣ್ಣಗಾದ ಮೇಲೆ ಗಂಡ ಹೆಂಡಿರು ಒಂದಾಗುತ್ತಾರೆ. ಇದಕ್ಕೆ ಅವರು ಕಾಗದದ ಜಗಳ ಎಂದು ಹೆಸರಿಟ್ಟಿದ್ದರು. ಹೆಂಡತಿಯ ದೂರು, ಗಂಡನ ಜವಾಬು ಎರಡೂ ಅದೇ ಟೈಪ್‌ರೈಟರಿನಲ್ಲಿ ಹುಟ್ಟುತ್ತಿದ್ದವು. ಹೆಂಡತಿಯ ಕಡೆ ಸಹಿ ಹಾಕುವುದಕ್ಕೆ ಕೃಷ್ಣರಾಜ ಅಂತ ಒಬ್ಬ ವಕೀಲನಿದ್ದ. ಸ್ವಂತ ಕಕ್ಷಿ ಇಲ್ಲದವನು, ಸಹಿಗೆ ಇಷ್ಟು ಅಂತ ತಗೊಂಡು ಹೋಗುವವನು.

ಒಂದು ಭಾನುವಾರ ವಿಶ್ವನಾಥ ಹೆಂಡತಿ ಮಗಳ ಜೊತೆ ಮಾವನ ಮನೆಗೆ ಊಟಕ್ಕೆ ಬಂದ. ಮಾವ ಅಳಿಯ ಎದುರಾಬದುರು ಮಣೆ ಹಾಕಿ ಕೂತರು. ಒಲೆಯ ಮುಂದೆ ಅತ್ತೆ ಸುಮಿತ್ರಮ್ಮ ಜೋಳದ ರೊಟ್ಟಿ ತಟ್ಟುತ್ತಿದ್ದರು, ಸರ್ವಮಂಗಳಾ ತಂದು ಬಡಿಸುತ್ತಿದ್ದಳು.

"ಬಾಕಿ ಕೇಳೋರು ಸೇಟುಗಳು ಒಂದು ಕಡೆ, ನೇಕಾರ್ರು ಒಂದು ಕಡೆ ಮಾವಾರ. ಅಂಗಡಿ ಹೋದ್ರೆ ಹೋಗ್ಲಿ, ಮನೀ ಉಳೀಬೇಕು," ಎಂದ ವಿಶ್ವನಾಥ.

"ಉಳೀತೈತೆ. ಮಂಗಳಾ ನಾಳೆಯಿಂದ ಇಲ್ಲೇ ಇರ್ತಾಳ."

ಎಣ್ಣೆಗಾಯಿ ಬಡಿಸುತ್ತಿದ್ದ ಸರ್ವಮಂಗಳಾಳ ಕೈ ನಿಂತಿತು. "ಇಲ್ಲೇನಪ್ಪಾ?"

"ಹೂಂ. ನಿನ್ನ ಗಂಡನ ಮ್ಯಾಲೆ ನೀನು ದಾವೆ ಹಾಕ್ತೀ."

ವಿಶ್ವನಾಥ ನಕ್ಕ. "ಹಾಕವ್ವ ಹಾಕು. ಅಪ್ಪನ ಕಡೆ ಫೀಜು ಕೊಡೋದೂ ಉಳೀತು."

ಎಲ್ಲರೂ ನಕ್ಕರು. ಆಕೆ ಒಳಗೆ ಹೋಗಿ ಅವ್ವನ ಪಕ್ಕ ನಿಂತಳು. ಇಲ್ಲೇ ಇರುವುದು. ಆ ಮಾತನ್ನು ಎರಡು ವರ್ಷದ ಕೆಳಗೆ ಅಪ್ಪ ಹೇಳಲಿ ಎಂದು ಅದೇ ಅಡುಗೆಮನೆಯಲ್ಲಿ ಕಾದಿದ್ದಳು.

"ರೊಟ್ಟಿ ತಣ್ಣಗಾಗ್ತಾವ, ಒಯ್ಯಿ," ಎಂದರು ಸುಮಿತ್ರಮ್ಮ.

ಸರ್ವಮಂಗಳಾ ಎಂಟು ವರ್ಷದ ಮಗಳು ಅಕ್ಕುವಿನ ಜೊತೆ ತವರಿಗೆ ಬಂದಳು. ಬೆಳಗ್ಗೆ ಬೀದಿಯ ನಲ್ಲಿಯಿಂದ ನೀರು ಹೊತ್ತು ತರುವುದು, ಅಪ್ಪನ ಇಷ್ಟಲಿಂಗದ ಪೂಜೆಗೆ ಹೂವು ಪತ್ರೆ ಅಣಿ ಮಾಡುವುದು, ಕೊತ್ತವಾಲ್ ಚಾವಡಿ ಮಾರ್ಕೆಟ್ಟಿನಿಂದ ತರಿಸಿದ ಜೋಳ ಹಸನು ಮಾಡಿ ಗಿರಣಿಗೆ ಕೊಡುವುದು, ಮಗುವನ್ನು ಸ್ಕೂಲಿಗೆ ಬಿಡುವುದು. ಅಕ್ಕು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. "ರೊಟ್ಟಿ ತಿನ್ನು" ಅಂದರೆ "ಎನಕ್ಕು ವೇಂಡಾ, ಇಡ್ಲಿ ತಾನ್ ವೇಣುಂ" ಅನ್ನುವಳು. ಅಜ್ಜಿ "ಮದ್ರಾಸಿ ಮುದುಕಿ" ಎಂದು ಬೈದು, ಇಡ್ಲಿಗೆ ನೆನೆಹಾಕುವರು.

ಶುಕ್ರವಾರ ಎಣ್ಣೆಸ್ನಾನ. ಮಗಳ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದ ಸುಮಿತ್ರಮ್ಮನ ಬೆರಳಿಗೆ ಎಡಭುಜದ ಹತ್ತಿರ ಮೂಳೆ ಕೂಡಿಕೊಂಡ ಗಂಟು ಸಿಕ್ಕಿತು. ಬೆರಳು ಅಲ್ಲೇ ತಡೆಯಿತು.

"ಚಳಿಗೆ ನೋಯ್ತೈತೇನು?"

"ಕೊಡ ಎತ್ತಿದ್ರೆ ನೋಯ್ತೈತೆ."

"ಕೊಡ ಬಲಗಡೆ ಹೊತ್ಕೋ," ಎಂದು ನೀರು ಹಾಕಿದರು.

ದಾವೆಯ ಕಾಗದ ಸಿದ್ಧವಾಯಿತು. ಚನ್ನವೀರಪ್ಪನವರು ಮಗಳನ್ನು ಆಫೀಸು ಕೋಣೆಗೆ ಕರೆದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರು. ಗಂಡ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದೆಂದು ತಟ್ಟೆ ಎಸೆದನು. ಕೆನ್ನೆಗೆ ಹೊಡೆದನು. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿರಲಿಲ್ಲ. ಅವಾಚ್ಯವಾಗಿ ಬೈದನು.

"ತಟ್ಟೆ ಎಂದೂ ಎಸೆದಿಲ್ಲ," ಎಂದಳು ಸರ್ವಮಂಗಳಾ.

"ಎಲ್ಲಾರ್ದೂ ತಟ್ಟೇನ ಎಸೀತಾರ. ಇಪ್ಪತ್ತು ವರ್ಷದಿಂದ ಇದ ನಮೂನಿ. ಜಡ್ಜಿಗೂ ರೂಢಿ ಆಗೈತೆ."

"ನಡೆದದ್ದು ಬರೀರಿ ಅಪ್ಪಾ. ಗಜದಿಂದ ಹೊಡೆದದ್ದು. ಬಳೆ ಎಲ್ಲಿ ಅಡ ಇಟ್ರಿ ಅಂತ ಕೇಳಿದ್ದಕ್ಕೆ ಹೊಡೆದದ್ದು."

ಚನ್ನವೀರಪ್ಪನವರು ಕನ್ನಡಕ ತೆಗೆದು ಒರೆಸಿದರು. "ಅದು ಬ್ಯಾಡ."

"ಯಾಕ?"

"ತಟ್ಟೆ ಎಸೆದೋನ ಕೂಡ ನಾಳೆ ಬಾಳುವೆ ಮಾಡಬಹುದು. ಮೂಳೆ ಮುರಿದೋನ ಕೂಡ ಮಾಡ್ತಾಳ ಅಂದ್ರೆ ಕೋರ್ಟು ನಗ್ತೈತೆ. ಹೊರಗ ಬರೋ ಬಾಗಿಲು ಇಟ್ಕೊಂಡು ಒಳಗ ಹೋಗಬೇಕು ಮಗಳೇ. ಇದು ನನ್ನ ಕಸುಬು."

"ನೀವು ಹೇಳೋ ಬಾಗಿಲು ಅವ್ರ ಮನೀ ಬಾಗಿಲು."

"ಮತ್ತಿನ್ಯಾರ ಮನೀದು? ಸಹಿ ಮಾಡು."

ಆಕೆ ಸಹಿ ಮಾಡಿದಳು. ಮಾಡದಿದ್ದರೆ ಅಂದೇ ಸಂಜೆ ಟ್ಯಾಕ್ಸಿ ಬರುತ್ತಿತ್ತು.

ಅದು ತಮಿಳರ ಆಡಿ ತಿಂಗಳು. ಆ ತಿಂಗಳು ಹೆಣ್ಣುಮಕ್ಕಳು ತವರಿಗೆ ಬಂದು ಇರುವುದು ಬೀದಿಗೆ ಹೊಸದಲ್ಲ. ಎದುರುಮನೆಯವರು ಆಗಲೇ "ಆಡಿಗೆ ಏನು ಸೀರೆ ಕೊಟ್ಟಿರಿ?" ಎಂದು ಕೇಳಿ ಆಗಿತ್ತು. ಹಿಂಸೆ ತಾಳದೆ ಬಂದವಳಿಗೆ ಇದು ಒಪ್ಪುವ ಮಾತಲ್ಲ. ಬೀದಿಗೆ ಜಗಳ ಕಾಣಿಸಲೇಬೇಕು ಎಂದು ಚನ್ನವೀರಪ್ಪನವರು ತೀರ್ಮಾನಿಸಿದರು. ಸಾಲ ಕೊಟ್ಟವರಲ್ಲೇ ಒಬ್ಬ ಅದನ್ನು ಕಂಡರೆ ಇನ್ನೂ ಒಳ್ಳೆಯದು. ಸೇಲಂ ಕಡೆಯಿಂದ ಚೌಡಯ್ಯ ಅಂತ ಒಬ್ಬ ಮುದುಕ, ದೇವಾಂಗ ನೇಕಾರ, ಸೀರೆಯ ಬಾಕಿ ಕೇಳಲು ಆಗಾಗ ಬಂದು, ಅಂಗಡಿಗೆ ಬೀಗ ಕಂಡು, ವಕೀಲರ ಜಗಲಿಯ ಮೇಲೆ ಕೂತಿರುತ್ತಿದ್ದ. ಅವನು ಬಂದ ದಿನವೇ ಆಗಲಿ ಎಂದು ಅಳಿಯನಿಗೆ ಹೇಳಿಕಳಿಸಿದರು.

"ಜಗಳ ತಮಿಳಿನಾಗ ಆಡ್ರಿ," ಎಂದು ಇಬ್ಬರಿಗೂ ಕಲಿಸಿದರು. "ಕನ್ನಡದಾಗ ಆಡಿದ್ರೆ ಬೀದಿಗೆ ಏನು ತಿಳೀತೈತೆ? ಉಪ್ಪು, ತಟ್ಟೆ, ಕೆನ್ನೆ. ಇಷ್ಟ. ಜಾಸ್ತಿ ಬ್ಯಾಡ."

ವಿಶ್ವನಾಥ ಬಂದು ಬೀದಿಯಲ್ಲಿ ನಿಂತು "ಏಯ್, ವೆಳಿಯೇ ವಾಡಿ!" ಎಂದು ಹೆಂಡತಿಯನ್ನು ಹೊರಗೆ ಕೂಗಿದ. ಮನೆಮನೆಯ ಬಾಗಿಲಲ್ಲಿ ಮುಖಗಳು ಕಂಡವು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಬಿಟ್ಟು ಬಂದರು. ಸರ್ವಮಂಗಳಾ ಹೊಸ್ತಿಲಲ್ಲಿ ನಿಂತು, ಉಪ್ಪಿನ ಮಾತು, ತಟ್ಟೆಯ ಮಾತು, ಕಲಿಸಿದ್ದನ್ನೆಲ್ಲ ತಮಿಳಿನಲ್ಲಿ ಒಪ್ಪಿಸಿದಳು. ಜಗಲಿಯಲ್ಲಿ ಚೌಡಯ್ಯ ಎಲೆಯಡಿಕೆ ಜಗಿಯುತ್ತಾ ಕೂತಿದ್ದ. ಅವನಿಗೆ ನಾಟಕದ ವಾಸನೆ ಹೊಡೆದಿತ್ತು.

ಜನ ಸೇರಿದ್ದು ಕಂಡು ವಿಶ್ವನಾಥನಿಗೆ ಹುರುಪು ಏರಿತು. ಕಲಿಸದ ಮಾತೊಂದನ್ನು ತಮಿಳಿನಲ್ಲಿ ತಾನೇ ಸೇರಿಸಿದ. "ಕೈಕಾಲು ಮುರಿದು ಮೂಲೆಯಲ್ಲಿ ಕೂರಿಸುತ್ತೇನೆ, ಆಗ ಬುದ್ಧಿ ಬರುತ್ತದೆ!"

ಆಕೆ ಕನ್ನಡಕ್ಕೆ ತಿರುಗಿದಳು.

"ಮುರೀತೀರಾ? ಮುರಿದು ಎರಡು ವರ್ಷ ಆತಲ್ಲ. ಗಜ ಎತ್ತಿ ಬಡಿದಾಗ ಅಕ್ಕು ಬಾಗಿಲ ಸಂದ್ಯಾಗ ನಿಂತಿದ್ಲು, ಉಚ್ಚೆ ಹೊಯ್ಕೊಂಡ್ಲು. ಅದನ್ನ ಒರೆಸಿ ಆಸ್ಪತ್ರೆಗೆ ನಡಿ ಅಂದ್ರಿ. ಒಂದ ಕೈಲಿ ಒರೆಸಿದೆ. ದಾರಿಯುದ್ದಕ್ಕೂ, ಮೆಟ್ಟಿಲಿಂದ ಬಿದ್ದೆ ಅಂತ ಹೇಳು, ಮೆಟ್ಟಿಲಿಂದ ಬಿದ್ದೆ ಅಂತ ಹೇಳು ಅಂತ ಗಿಳಿಗೆ ಕಲಿಸಿದಂಗ ಕಲಿಸಿದ್ರಿ."

ವಿಶ್ವನಾಥನ ಕೈ ಮೇಲಕ್ಕೆ ಹೋಯಿತು. ಸುತ್ತ ನೋಡಿದ. ಕೈ ಇಳಿಯಿತು. ಬೀದಿಯವರಿಗೆ ಮಾತು ತಿಳಿಯಲಿಲ್ಲ. ಅಕ್ಕು ಒಳಗಿನಿಂದ "ಅಮ್ಮಾ, ಉಳ್ಳೇ ವಾ" ಎಂದು ಸೆರಗು ಹಿಡಿದು ಒಳಕ್ಕೆ ಎಳೆಯುತ್ತಿತ್ತು.

ಗುಂಪು ಕರಗಿದ ಮೇಲೆ ಚೌಡಯ್ಯನಿಗೆ ಮಜ್ಜಿಗೆ ಕೊಡಲು ಆಕೆಯೇ ಬಂದಳು. ಸೇಲಂ ದೇವಾಂಗರ ಮನೆಮಾತು ಕನ್ನಡ.

"ನಿಜವಾ ತಾಯಿ?" ಎಂದು ಕೇಳಿದ.

"ಯಾವುದು?"

"ಕನ್ನಡದಾಗೆ ಹೇಳಿದ್ದು."

ಆಕೆ ಲೋಟ ಕೆಳಗಿಟ್ಟಳು. "ಹೌದು."

ಮುದುಕ ಮಜ್ಜಿಗೆ ಮುಟ್ಟದೆ ಎದ್ದು ಹೋದ.

ರಾತ್ರಿ ಊಟಕ್ಕೆ ಕೂತ ಚನ್ನವೀರಪ್ಪನವರಿಗೆ ಬಹಳ ಸಂತೋಷವಾಗಿತ್ತು. "ಏನು ಮಾತು, ಏನು ಮಾತು! ಕಣ್ಣಾಗ ನೀರು ಸೈತ ಬಂತಲ್ಲ ನಿನಗ. ಗಜದ ಮಾತೊಂದು ಬ್ಯಾಡಾಗಿತ್ತು. ಇರ್ಲಿ, ನೋಡಿದೋರೆಲ್ಲ ನಂಬಿದ್ರು."

"ನೀವು ನಂಬಿದ್ರಾ ಅಪ್ಪಾ?"

ಅವರು ರೊಟ್ಟಿ ಮುರಿದರು. "ಚಟ್ನಿಪುಡಿ ಹಾಕು," ಎಂದರು.

ಡಿಕ್ರಿ ಆಯಿತು. ಸೌಕಾರ್‌ಪೇಟೆಯ ಮನೆಯ ಮೇಲೆ ಸರ್ವಮಂಗಳಾಳ ಜೀವನಾಂಶದ ಹೊಣೆ ಕೂತಿತು. ವಿಶ್ವನಾಥ ಮಂಜಳ್ ಕಡುದಾಸಿ ಕೊಟ್ಟ. ಇನ್ನು ತಿಂಗಳು ತಿಂಗಳೂ ಆತ ಹೆಂಡತಿಗೆ ಹಣ ಕೊಡುತ್ತಿರುವುದು ಕಾಣಬೇಕಲ್ಲ, ಹಾಗಾಗಿ ಒಂದನೇ ತಾರೀಕು ಕೃಷ್ಣರಾಜನ ಎದುರಿಗೆ ವಿಶ್ವನಾಥ ಹಣ ಕೊಡುವನು, ಆಕೆ ರಸೀತಿಗೆ ಸಹಿ ಹಾಕುವಳು. ಕೃಷ್ಣರಾಜ ಕಾಫಿ ಕುಡಿದು ಬೀದಿ ತಿರುವು ದಾಟಿದ ಮೇಲೆ ಚನ್ನವೀರಪ್ಪನವರು ಕೈ ಚಾಚುವರು. ಹಣ ಮತ್ತೆ ಅಳಿಯನ ಜೇಬಿಗೆ.

ಎರಡನೇ ಸಲ ಇದನ್ನು ಕಂಡ ಅಕ್ಕು ಚಪ್ಪಾಳೆ ತಟ್ಟಿ ಹಾಡಿದಳು: "ಅಪ್ಪಾ ಕುಡುತ್ತಾರು, ತಾತಾ ಎಡುತ್ತಾರು!"

"ಬಾಯಿ ಮುಚ್ಚಿಸು ಅದರದ್ದು," ಎಂದರು ಚನ್ನವೀರಪ್ಪನವರು.

"ಅವ್ರಪ್ಪ ಕೊಟ್ಟಿದ್ದನ್ನ ನೀವು ತಗೊಂಡದ್ದು ಖರೆ ಐತಲ್ಲ," ಎಂದಳು ಸರ್ವಮಂಗಳಾ. "ಅದರ ಸ್ಕೂಲ್ ಫೀಜಿಗಾದ್ರೂ ಬಿಡ್ರಿ."

"ನಾ ಕಟ್ತೀನಿ ಫೀಜು. ನನ್ನ ಮನಿಯಾಗ ನಿನಗೇನು ಕಮ್ಮಿ ಮಾಡೀನಿ?"

ಕಮ್ಮಿ ಏನೂ ಇರಲಿಲ್ಲ. ಸೋಪಿಗೆ ಕೇಳಬೇಕು, ಬಸ್ಸಿಗೆ ಕೇಳಬೇಕು, ತಿಂಗಳ ಬಟ್ಟೆಗೆ ಅವ್ವನ ಹಳೆಯ ಸೀರೆ ಕೇಳಬೇಕು. ದೇವಸ್ಥಾನಕ್ಕೆ ಒಬ್ಬಳೇ ಹೋಗುವ ಹಾಗಿಲ್ಲ, ಗಂಡ ಬಿಟ್ಟವಳು ಅಲೆಯುತ್ತಾಳೆಂಬ ಮಾತು ಬರುತ್ತದೆ. ನಗುವ ಹಾಗಿಲ್ಲ, ಕೇಸು ಹಗುರಾಗುತ್ತದೆ. ಪಕ್ಕದ ಬೀದಿಯಲ್ಲಿ ಹೊಲಿಗೆ ಕಲಿಸುವವರಿದ್ದರು. ಹೋಗಲೇ ಎಂದು ಕೇಳಿದಳು.

"ದುಡಿಯೋಕ ಬಂದ್ರೆ ಜೀವನಾಂಶ ಯಾಕ ಅಂತ ಕೇಳ್ತಾರ," ಎಂದು ಅಪ್ಪ ತಲೆ ಎತ್ತದೆ ಹೇಳಿದರು.

ಸಾಲ ಕೊಟ್ಟವರ ವಕೀಲ ಸುಮ್ಮನಿರಲಿಲ್ಲ. ಗಂಡ ಹೆಂಡತಿ ಸೇರಿ ಆಡಿದ ಮೋಸ ಇದು, ಡಿಕ್ರಿ ರದ್ದಾಗಬೇಕು ಎಂದು ಹೈಕೋರ್ಟಿನಲ್ಲಿ ಅರ್ಜಿ ಹಾಕಿದ. ಜಗಳ ಕಣ್ಣಾರೆ ಕಂಡವನೆಂದು ಚೌಡಯ್ಯನನ್ನು ಅವನೇ ಸಾಕ್ಷಿಗೆ ಕರೆಸಿದ. ನಾಟಕ ಅಂತ ಈ ಮುದುಕ ಒಂದು ಮಾತು ಅಂದರೆ ಮನೆ ಹರಾಜಿಗೆ ಬರುತ್ತದೆ, ಬಾಕಿ ಬರುತ್ತದೆ. ವಿಶ್ವನಾಥ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಚನ್ನವೀರಪ್ಪನವರು ಮೇಜಿನ ಅಂಚು ಹಿಡಿದಿದ್ದರು.

"ನೀನು ಕಂಡ ಜಗಳ ನಾಟಕ ತಾನೆ?" ಎಂದು ಆ ವಕೀಲ ಕೇಳಿದ.

"ಗಂಡಸು ಆಡಿದ್ದು ನಾಟಕ," ಎಂದ ಚೌಡಯ್ಯ. "ಆ ತಾಯಿ ಆಡಿದ್ದು ಅಲ್ಲ."

"ಹೇಗೆ ಹೇಳುತ್ತೀ?"

"ಕೇಳ್ದೆ. ಹೌದು ಅಂದ್ಲು. ಸುಳ್ಳು ಅಲ್ಲ ಅದು. ನಾ ಪ್ರಮಾಣ ಮಾಡಿ ಬೇರೆ ಹೇಳಾಕಿಲ್ಲ."

ಡಿಕ್ರಿ ನಿಂತಿತು. ಮನೆ ಉಳಿಯಿತು. ವರಾಂಡದಲ್ಲಿ ಸರ್ವಮಂಗಳಾ ಮುದುಕನ ಹಿಂದೆ ಓಡಿದಳು.

"ಯಾಕ ಹೇಳಿದ್ರಿ ಅಜ್ಜಾ? ನಿಮ್ಮ ದುಡ್ಡು ಹೋತಲ್ಲ."

"ಹೋಯ್ತು. ಎರಡು ಮಗ್ಗ ಮಾರ್ತೀನಿ." ಅವನು ಮೆಟ್ಟಿಲು ಇಳಿಯುತ್ತ ತಿರುಗಿದ. "ನಿಮ್ಮಪ್ಪಗೆ ಹೇಳು ತಾಯಿ. ಮಗಳ ನೋವು ಮಾರಿ ಅಳಿಯನ ಮನೆ ಉಳಿಸ್ಕೊಂಡ. ನನ್ನ ಮಗ್ಗಾನೂ ಅದರಾಗೇ ಹೋಯ್ತು."

ಆಕೆ ಅಪ್ಪನಿಗೆ ಹೇಳಿದಳು. ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲವೋ, ಕೇಳಿಸಿತೋ, ಅವರು ಟಿಕೀಟು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟರು.

ಆಮೇಲೆ ಬೇರೆ ದಾರಿಯಿಲ್ಲದ ಸಾಲದವರು ರೂಪಾಯಿಗೆ ನಾಲ್ಕಾಣೆಗೆ ಒಪ್ಪಿದರು. ಅರವತ್ತೊಂದರ ಪೊಂಗಲ್ ಕಳೆದು ದಿವಾಳಿತನವೂ ರದ್ದಾಯಿತು. ವಿಶ್ವನಾಥ ಹೊಸ ಅಂಗಡಿಯ ಮಾತು ಎತ್ತಿದ. ಬಂಡವಾಳಕ್ಕೆ ಮನೆ ಅಡವಿಡಬೇಕು, ಅಡವಿಡಲು ಹೆಂಡತಿಯ ಹೊಣೆ ಮನೆಯ ಮೇಲಿಂದ ಇಳಿಯಬೇಕು, ಇಳಿಯಲು ಆಕೆಯ ಸಹಿ ಬೇಕು. ಚನ್ನವೀರಪ್ಪನವರು ಪಂಚಾಂಗ ನೋಡಿ ಸೋಮವಾರ ಗೊತ್ತು ಮಾಡಿದರು.

"ಸೋಮವಾರ ಹೋಳಿಗೆ ಮಾಡು," ಎಂದು ಹೆಂಡತಿಗೆ ಹೇಳಿದರು. "ಮಗಳನ್ನ ಕಳಿಸಿಕೊಡಬೇಕು."

ಸುಮಿತ್ರಮ್ಮ ಕಡಲೆಬೇಳೆ ಬೇಯಿಸಿದರು. ಮಗಳು ಹೂರಣ ರುಬ್ಬಿದಳು. ಎಡಗೈ ಸೋತಾಗ ಬಲಗೈ, ಬಲಗೈ ಸೋತಾಗ ಎಡಗೈ.

"ಹೋಗಬೇಕಂತೇನವ್ವಾ?"

"ಅಪ್ಪ ಹೇಳ್ಯಾರ."

"ನೀ ಏನಂತಿ?"

"ನಾ ಏನನ್ಲಿ? ನನ್ನ ಕೇಳಿ ಯಾರು ಏನು ಮಾಡ್ಯಾರ ಈ ಮನಿಯಾಗ? ಹೆಂಗೋ ಹೊಂದ್ಕೊಂಡು ಹೋಗವ್ವ." ಗುಂಡುಕಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬಿಡು, ನಾ ರುಬ್ತೀನಿ."

ಸೋಮವಾರ ವಿಶ್ವನಾಥ ಮಲ್ಲಿಗೆ ದಂಡೆ, ಅಕ್ಕುವಿಗೆ ಬಣ್ಣದ ಪೀಪಿ ತಂದ. ಕೃಷ್ಣರಾಜನೂ ಬಂದ. ಆಫೀಸು ಕೋಣೆಯಲ್ಲಿ ಕಾಗದ ಟೈಪಾಗಿ ಕೂತಿತ್ತು: ದಂಪತಿಗಳು ಒಂದಾಗಿದ್ದಾರೆ, ಹೆಂಡತಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಜೀವನಾಂಶದ ಹಕ್ಕು ಬಿಟ್ಟುಕೊಟ್ಟಿದ್ದಾಳೆ.

"ಸಹಿ ಮಾಡವ್ವ. ಊಟ ಮಾಡಿ ಹೊರಡಬಹುದು," ಎಂದರು ಚನ್ನವೀರಪ್ಪನವರು.

"ಸುಖವಾಗಿದೀನಿ ಅಂತ ಬರೆದೀರಿ. ಇನ್ನೂ ಹೋಗೇ ಇಲ್ಲ."

"ಹೋಗ್ತೀಯಲ್ಲ."

"ಇಲ್ಲ."

ವಿಶ್ವನಾಥ ನಕ್ಕ. "ಅಪ್ಪನ ಮನಿ ಹೋಳಿಗೆ ರುಚಿ ಹತ್ಯಾವ ಮಾವಾರ ಇವಳಿಗೆ."

"ನೀವು ಸುಮ್ಮನಿರ್ರಿ," ಎಂದಳು. ಅಪ್ಪನ ಕಡೆಗೇ ನೋಡುತ್ತಿದ್ದಳು. "ಹಿಂಸೆ ತಾಳಲಾರದೆ ಬಂದೆ ಅಂತ ನಿಮ್ಮ ಕೋರ್ಟಿನಾಗ ನನ್ನ ಕೈಲಿ ಪ್ರಮಾಣ ಮಾಡಿಸಿದ್ರಿ. ಅದು ಖರೇನೋ ಸುಳ್ಳೋ?"

"ಕಾಗದದ ಮಾತು ಅದು."

"ಸುಳ್ಳಾದ್ರೆ ನಡೀರಿ, ಸುಳ್ಳು ಬರೆದೆ ಅಂತ ಜಡ್ಜಿಗೆ ಹೇಳ್ರಿ. ಖರೆ ಆದ್ರೆ ಅಲ್ಲಿಗೆ ನನ್ನ ಹೆಂಗ ಕಳಿಸ್ತೀರಿ?"

ಕೃಷ್ಣರಾಜ ಛತ್ರಿ ಹುಡುಕತೊಡಗಿದ. "ಸಾರ್, ನನಗೊಂದು ಕೇಸಿದೆ."

"ನಿನಗ ಯಾವ ಕೇಸೂ ಇಲ್ಲ, ಕೂಡು!" ಚನ್ನವೀರಪ್ಪನವರ ದನಿ ಏರಿತು. "ಮಂಗಳಾ, ಸುಳ್ಳು ಅಂದ್ರೆ ನನ್ನ ವಕೀಲಿ ಸನದು ಹೋಗ್ತೈತೆ. ಗೊತ್ತೈತೇನು?"

"ಗೊತ್ತೈತೆ. ಅದಕ್ಕ ಖರೆ ಅನ್ರಿ."

"ಅಂತೀನಿ ಅಂದ್ಕೋ. ಮುಂದೇನು? ಒಬ್ಬಾಕಿನ ಮಗು ಕಟ್ಕೊಂಡು ಏನು ಮಾಡ್ತೀ? ನಾಳೆ ನಾ ಸತ್ರೆ?"

"ತಿಂಗಳ ಹಣ ಇನ್ನ ಮ್ಯಾಲೆ ನನ್ನ ಕೈಯಾಗ ಇರ್ತೈತೆ. ಕೊಡದಿದ್ರೆ ಮನೀ ಹರಾಜಿಗೆ ಹಾಕಸ್ತೀನಿ. ದಾರಿ ನೀವ ತೋರಿಸೀರಿ."

ವಿಶ್ವನಾಥ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ನೋಡಿದ್ರಾ, ನೋಡಿದ್ರಾ ನಿಮ್ಮ ಮಗಳ್ನ! ಕಾಗದದ ಜಗಳ ಅಂತ ಹೇಳಿ ನನ್ನ ಮನೀಗೇ ಕೈ ಹಾಕಿದ್ರಿ ಅಪ್ಪ ಮಗಳು ಕೂಡಿ! ಈಗ ಕಳಿಸ್ತೀರೋ, ಕೂದ್ಲು ಹಿಡಿದು ಎಳ್ಕೊಂಡು ಹೋಗ್ಲೋ?"

ಆತ ಎರಡು ಹೆಜ್ಜೆ ಮುಂದೆ ಬಂದ. ಅಕ್ಕುವಿನ ಪೀಪಿ ನಿಂತಿತು. ಸರ್ವಮಂಗಳಾ ಕದಲಲಿಲ್ಲ. ಬಲಗೈ ತಾನಾಗಿ ಎಡಭುಜಕ್ಕೆ ಅಡ್ಡ ಬಂತು. ಚನ್ನವೀರಪ್ಪನವರು ಅದನ್ನು ನೋಡಿದರು. ನೋಡಿ, ಮುಖ ತಿರುಗಿಸಿ ಒಳಗೆ ಕೂಗಿದರು:

"ಸುಮಿತ್ರಾ! ಇವಳ ಟ್ರಂಕು ತಂದು ಜಗಲಿ ಮ್ಯಾಲೆ ಇಡು. ಟ್ಯಾಕ್ಸಿ ತರಿಸ್ತೀನಿ."

ಸುಮಿತ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಕಕ್ಷಿದಾರರು ಕೂತಿರುವಾಗ ಆ ಹೊಸ್ತಿಲು ದಾಟಿದವರಲ್ಲ. ಈಗ ದಾಟಿದರು. ಅಳಿಯನನ್ನೂ ಗಂಡನನ್ನೂ ಬಳಸಿ ಬಂದು ಮಗಳ ಪಕ್ಕ ನಿಂತರು.

"ಕೇಳಿಸಲಿಲ್ಲೇನು? ಟ್ರಂಕು ತಾ ಅಂದೆ."

"ಕೇಳಿಸ್ತು," ಎಂದರು ಸುಮಿತ್ರಮ್ಮ. "ನಾ ಒಲ್ಲೆ."